ಆರೈಕೆ ಕೇಂದ್ರ ಚೆನ್ನಾಗಿದೆಯಾ ಅಂತ ತಿಳಿಯೋದು ಹೇಗೆ? ದಾವಣಗೆರೆ, ಚಿತ್ರದುರ್ಗದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಲಕ್ವ ಹೊಡೆದು ಒಂದು ಕಡೆ ಸ್ವಾಧೀನ ತಪ್ಪಿದ ಅಪ್ಪ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಅಜ್ಜಿ. ಹೈವೇಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ತಮ್ಮ. ಆಸ್ಪತ್ರೆಯಲ್ಲಿ ಜೀವ ಉಳಿಯುತ್ತದೆ. ಆಮೇಲೆ ಒಂದು ದಿನ ರೌಂಡ್ಸಿಗೆ ಬಂದ ಡಾಕ್ಟರು, "ನಾಳೆ ಡಿಸ್ಚಾರ್ಜ್ ಮಾಡ್ತೀವಿ, ಇನ್ನು ನರ್ಸಿಂಗ್ ಕೇರು, ಫಿಸಿಯೋ ನೋಡ್ಕೊಳ್ಳಿ" ಅಂತ ಹೇಳಿ ಮುಂದಿನ ಮಂಚಕ್ಕೆ ಹೋಗುತ್ತಾರೆ. ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವವರು. ಇಲ್ಲವೇ ಊರು ಜಗಳೂರು, ಮೊಳಕಾಲ್ಮೂರು ಕಡೆ, ಅಲ್ಲಿ ಫಿಸಿಯೋ ಎಲ್ಲಿಂದ ತರೋದು? ಆಗ ಒಬ್ಬರು ಒಂದು ಆರೈಕೆ ಕೇಂದ್ರದ ಹೆಸರು ಹೇಳುತ್ತಾರೆ, ಇನ್ನೊಬ್ಬರು ಇನ್ನೊಂದು ನಂಬರ್ ಕಳಿಸುತ್ತಾರೆ.

ದಾವಣಗೆರೆಗೆ ಡಾಕ್ಟರುಗಳ ಕೊರತೆ ಇಲ್ಲ. ಜೆಜೆಎಂ ಮೆಡಿಕಲ್ ಕಾಲೇಜು ಶುರುವಾಗಿದ್ದೇ 1965ರಲ್ಲಿ. ಬಾಪೂಜಿ ಇದೆ, ಎಸ್‌ಎಸ್ ಇದೆ, ಚಿಗಟೇರಿ ಜಿಲ್ಲಾಸ್ಪತ್ರೆ ಇದೆ. ಚಿತ್ರದುರ್ಗದಲ್ಲಿ ಬಸವೇಶ್ವರ ಮೆಡಿಕಲ್ ಕಾಲೇಜಿದೆ. ಆದರೆ ಆಪರೇಷನ್ ಮಾಡೋದು ಬೇರೆ. ಅದಾದ ಮೇಲೆ ತಿಂಗಳುಗಟ್ಟಲೆ ಮಗ್ಗುಲು ಬದಲಾಯಿಸಿ, ಬಾಯಿ ಒರೆಸಿ, ತುತ್ತು ತಿನ್ನಿಸಿ, ಕೈಹಿಡಿದು ನಿಲ್ಲಿಸೋದು ಬೇರೆ.

ಅಮೆರಿಕದಲ್ಲಿ 2008ರಿಂದ ಸರ್ಕಾರವೇ ಇಂಥ ಆರೈಕೆ ಕೇಂದ್ರಗಳಿಗೆ (ಅಲ್ಲಿ ಇವನ್ನೇ ನರ್ಸಿಂಗ್ ಹೋಂ ಅನ್ನೋದು) ಒಂದರಿಂದ ಐದು ಸ್ಟಾರ್ ಕೊಟ್ಟು ಎಲ್ಲರಿಗೂ ಕಾಣುವಂತೆ ಹಾಕುತ್ತದೆ. ತಪಾಸಣೆಯಲ್ಲಿ ಏನು ಸಿಕ್ಕಿತು, ಸಿಬ್ಬಂದಿ ಎಷ್ಟಿದ್ದಾರೆ, ರೋಗಿಗಳ ಸ್ಥಿತಿ ಹೇಗಿದೆ ಅನ್ನೋ ಮೂರನ್ನು ಅಲ್ಲಿ ತೂಗುತ್ತಾರೆ. ನಮಗಿರೋದು ಗೂಗಲ್ ಸ್ಟಾರು. ಅದನ್ನು ಕೊಡೋದು ಹೊರಗಿಂದ ಬಂದು ಹೋದವರು. ಹಾಸಿಗೆ ಹಿಡಿದವರು ಫೋನ್ ತೆಗೆದು ಸ್ಟಾರ್ ಒತ್ತೋದಿಲ್ಲ ಅಲ್ವಾ? ಹಾಗಾಗಿ ಆ ಮೂರನ್ನೂ ನಾವೇ ಹೋಗಿ ನೋಡಬೇಕು.

ನಾನು ಇಂಥ ಜಾಗಗಳನ್ನು ಅಳೆಯೋದು ಒಂದೇ ಪ್ರಶ್ನೆಯಿಂದ. ಬಾಯಿಬಿಟ್ಟು ಕೇಳಲಾಗದವರನ್ನು ಇಲ್ಲಿ ಹೇಗೆ ನೋಡಿಕೊಳ್ಳುತ್ತಾರೆ? ಮಾತಾಡುವ ರೋಗಿ ಕೂಗಿ ಕರೆಯುತ್ತಾನೆ, ಮಗನಿಗೆ ಫೋನ್ ಮಾಡಿ ದೂರುತ್ತಾನೆ. ಅವನನ್ನು ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಮೂಲೆಯ ಮಂಚದಲ್ಲಿ ಮೂಗಿಗೆ ಪೈಪು ಹಾಕಿಸಿಕೊಂಡು ಮಲಗಿದವರನ್ನು ನೋಡಿದರೆ ಆ ಜಾಗದ ನಿಜ ಗೊತ್ತಾಗುತ್ತದೆ. ಕೆಳಗಿನ ಹಂತಗಳೆಲ್ಲ ಇದೇ ಪ್ರಶ್ನೆಗೆ ಉತ್ತರ ಹುಡುಕುವ ದಾರಿ.

ಹಂತ 1: ನಿಮಗೆ ಬೇಕಾಗಿರೋದು ಏನು, ಬರೆದುಕೊಳ್ಳಿ

ಇದನ್ನು ಡಿಸ್ಚಾರ್ಜ್‌ಗೆ ಮೊದಲೇ ಮಾಡಬೇಕು. ಆಮೇಲೆ ಅದೇ ಡಾಕ್ಟರನ್ನು ಹಿಡಿಯೋದು ಕಷ್ಟ. ವಾರ್ಡಿನ ಸಿಸ್ಟರನ್ನೂ ಕೇಳಿ, ದಿನದ ಕೆಲಸ ಅವರಿಗೇ ಜಾಸ್ತಿ ಗೊತ್ತಿರುತ್ತದೆ.

- ತಾವಾಗಿ ಮಗ್ಗುಲು ತಿರುಗುತ್ತಾರಾ? ಎಬ್ಬಿಸಿ ಕೂರಿಸೋಕೆ ಎಷ್ಟು ಜನ ಬೇಕು?
- ಊಟ ಬಾಯಿಂದಲೋ, ಪೈಪಿನಿಂದಲೋ? ನೀರು ಕುಡಿದಾಗ ಕೆಮ್ಮು ಬರುತ್ತಾ?
- ಮೂತ್ರದ ಪೈಪು, ಗಂಟಲಿನ ಪೈಪು ಇದೆಯಾ? ಯಾವ ತಾರೀಖು ಹಾಕಿದ್ದು?
- ಈಗಾಗಲೇ ಬೆಡ್ ಸೋರ್, ಅಂದರೆ ಮಲಗಿದಲ್ಲೇ ಮಲಗಿ ಆಗುವ ಹುಣ್ಣು ಆಗಿದೆಯಾ? ಎಲ್ಲಿ, ಎಷ್ಟು ದೊಡ್ಡದು?
- ಇನ್ಸುಲಿನ್, ರಕ್ತ ತೆಳು ಮಾಡುವ ಮಾತ್ರೆ, ಫಿಟ್ಸ್ ಮಾತ್ರೆ ಇವೆಯಾ?
- ಮುಂದಿನ ಮೂರು ತಿಂಗಳಲ್ಲಿ ಎಷ್ಟು ಸುಧಾರಿಸಬಹುದು? ನಡೆಯುತ್ತಾರಾ, ಕುರ್ಚಿಯವರೆಗಾ, ಅಥವಾ ನೋವಿಲ್ಲದಂತೆ ನೋಡಿಕೊಳ್ಳೋದೇ ಗುರಿಯಾ?

ಕೊನೆಯ ಪ್ರಶ್ನೆ ಕೇಳೋಕೆ ಎಲ್ಲರೂ ಹಿಂಜರಿಯುತ್ತಾರೆ. ಆದರೆ ಯಾವ ಥರದ ಜಾಗ ಬೇಕು ಅಂತ ತೀರ್ಮಾನ ಆಗೋದೇ ಅದರಿಂದ. ಸುಧಾರಿಸುವ ಸಾಧ್ಯತೆ ಇರುವವರಿಗೆ ಗಟ್ಟಿ ಫಿಸಿಯೋ ಇರುವ ಕಡೆ ಬೇಕು. ಸುಧಾರಿಸೋದು ಕಡಿಮೆ ಅಂತಾದರೆ ಒಳ್ಳೆಯ ನರ್ಸಿಂಗ್ ಇರುವ ಕಡೆ ಬೇಕು. ಎರಡೂ ಒಂದೇ ಕಡೆ ಸಿಕ್ಕರೆ ಅದೃಷ್ಟ.

ಬೋರ್ಡ್ ನೋಡಿ ಮೋಸ ಹೋಗಬೇಡಿ. ನಮ್ಮ ಕಡೆ ನರ್ಸಿಂಗ್ ಹೋಂ ಅಂದರೆ ಸಾಮಾನ್ಯವಾಗಿ ಸಣ್ಣ ಆಸ್ಪತ್ರೆ, ಹೆರಿಗೆ, ಜ್ವರಕ್ಕೆ ಹೋಗುವ ಜಾಗ. ಪುನರ್ವಸತಿ ಕೇಂದ್ರ ಅಂತ ಬರೆದಿರೋದು ಕುಡಿತ ಬಿಡಿಸುವ ಕೇಂದ್ರವೂ ಆಗಿರಬಹುದು. ವೃದ್ಧಾಶ್ರಮದಲ್ಲಿ ಓಡಾಡುವ ಹಿರಿಯರನ್ನು ಚೆನ್ನಾಗಿ ನೋಡಿಕೊಳ್ಳಬಹುದು, ಆದರೆ ಪೈಪಿನಲ್ಲಿ ಊಟ ಕೊಡೋಕೆ ಅಲ್ಲಿ ನರ್ಸ್ ಇಲ್ಲದೇ ಇರಬಹುದು. ಫೋನಿನಲ್ಲೇ ನೇರವಾಗಿ ಕೇಳಿ: "ನಮ್ಮವರಿಗೆ ಹೀಗೆ ಹೀಗೆ ಇದೆ. ಇಂಥವರು ಈಗ ನಿಮ್ಮಲ್ಲಿ ಎಷ್ಟು ಜನ ಇದ್ದಾರೆ?" ಒಬ್ಬರೂ ಇಲ್ಲ ಅಂದರೆ ನಿಮ್ಮವರ ಮೇಲೆ ಕಲಿಯೋದು ಬೇಡ.

ಹಂತ 2: ಕಾಗದಪತ್ರ

ಇದು ಹತ್ತು ನಿಮಿಷದ ಕೆಲಸ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಂ, ಫಿಸಿಯೋಥೆರಪಿ ಕೇಂದ್ರ ಎಲ್ಲವೂ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಕಾಯ್ದೆಯಡಿ ನೋಂದಣಿ ಆಗಿರಬೇಕು. ಆ ಸರ್ಟಿಫಿಕೇಟ್ ಜನರಿಗೆ ಕಾಣುವ ಕಡೆ ಹಾಕಿರಬೇಕು, ದರಪಟ್ಟಿಯೂ ಹಾಗೇ. ಸರ್ಟಿಫಿಕೇಟಿನಲ್ಲಿ ಹೆಸರು, ವಿಳಾಸ, ಅವಧಿ ಮೂರನ್ನೂ ಓದಿ. ಹಳೇ ಕಟ್ಟಡದ ವಿಳಾಸ ಇದ್ದರೆ, ಅವಧಿ ಮುಗಿದಿದ್ದರೆ ಕೇಳಿ. "ರಿನ್ಯೂವಲ್‌ಗೆ ಹಾಕಿದ್ದೀವಿ" ಅಂದರೆ ಅರ್ಜಿಯ ರಸೀದಿ ತೋರಿಸಲಿ. ಅನುಮಾನ ಇದ್ದರೆ ಜಿಲ್ಲಾ ಆರೋಗ್ಯಾಧಿಕಾರಿಯ, ಅಂದರೆ ಡಿಎಚ್‌ಒ ಕಚೇರಿಯಲ್ಲಿ ವಿಚಾರಿಸಬಹುದು.

ನರ್ಸುಗಳಿಗೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಇರಬೇಕು. ಮಾತು ಕಲಿಸುವ ಸ್ಪೀಚ್ ಥೆರಪಿಸ್ಟಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನಂಬರ್ ಇರಬೇಕು. ಫಿಸಿಯೋ ಮಾಡುವವರು ಫಿಸಿಯೋಥೆರಪಿಯ ಪದವಿಗಳಾದ ಬಿಪಿಟಿ ಇಲ್ಲವೇ ಎಂಪಿಟಿ ಓದಿರಬೇಕು. ಆಸ್ಪತ್ರೆಯ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆ ಇದ್ದರೆ ಒಳ್ಳೆಯದು, ಇಲ್ಲ ಅಂದ ಮಾತ್ರಕ್ಕೆ ಆ ಜಾಗ ಕೆಟ್ಟದ್ದು ಅಂತಲ್ಲ. ಕಾಗದ ಸರಿ ಇಲ್ಲದಿದ್ದರೆ ಬಿಟ್ಟುಬಿಡಿ. ಸರಿ ಇದ್ದರೆ ಮುಂದಿನ ಹಂತ, ಅಷ್ಟೇ.

ಹಂತ 3: ಎರಡು ಸಲ ಹೋಗಿ, ಒಂದು ಸಲ ರಾತ್ರಿ

ಮೊದಲ ಸಲ ಹೇಳಿ ಹೋಗಿ, ಮಧ್ಯಾಹ್ನದ ಊಟದ ಹೊತ್ತಿಗೆ. ಎರಡನೇ ಸಲ ಹೇಳದೆ ಹೋಗಿ, ರಾತ್ರಿ ಎಂಟು ಗಂಟೆ ದಾಟಿದ ಮೇಲೆ. ರಾತ್ರಿ ಒಳಗೆ ಬಿಡದಿರೋಕೆ ಕಾರಣ ಇರಬಹುದು, ರೋಗಿಗಳು ಮಲಗಿರುತ್ತಾರೆ. ಆದರೆ ಬಾಗಿಲಿಗೆ ಬಂದು ಮಾತಾಡುವವರು ಯಾರು, ನರ್ಸಾ, ವಾಚ್‌ಮನ್ನಾ ಅಂತ ಅಲ್ಲೇ ಗೊತ್ತಾಗುತ್ತದೆ. ಮನೆಯವರು ಯಾವ ಹೊತ್ತಿಗೂ ಬರಬಹುದು ಅನ್ನೋ ಕಡೆ ನನಗೆ ನಂಬಿಕೆ ಜಾಸ್ತಿ. ವಾರಕ್ಕೆ ಒಂದೇ ದಿನ, ಅದೂ ಆಫೀಸ್ ರೂಮಿನಲ್ಲಿ ಭೇಟಿ ಅನ್ನೋ ಕಡೆಗೆ ಸೇರಿಸಲೇಬೇಡಿ.

ಒಳಗೆ ಕಾಲಿಟ್ಟ ತಕ್ಷಣ ಮೂಗು ಕೆಲಸ ಮಾಡಲಿ. ಒಂದು ಮಂಚದ ಹತ್ತಿರ ವಾಸನೆ ಇದ್ದರೆ ಅದು ಆಗಷ್ಟೇ ಆಗಿರೋದು, ಪರವಾಗಿಲ್ಲ. ಇಡೀ ವಾರ್ಡಿಗೆ ಮೂತ್ರದ ವಾಸನೆ ಹಿಡಿದಿದ್ದರೆ ಅದು ಹಾಸಿಗೆಗೆ ಇಳಿದು ಎಷ್ಟೋ ದಿನ ಆಗಿದೆ ಅಂತ ಅರ್ಥ. ಬರೀ ಫಿನಾಯಿಲ್ ಗಮ್ಮಂತಿದ್ದರೂ ನನಗೆ ಅನುಮಾನವೇ.

ಊಟದ ಹೊತ್ತಿನಲ್ಲಿ ನೋಡಬೇಕಾದ್ದು ಅಡುಗೆಯನ್ನಲ್ಲ, ತಿನ್ನಿಸುವವರನ್ನು. ತಟ್ಟೆ ಇಟ್ಟು ಹೋಗಿ ಅರ್ಧ ಗಂಟೆ ಬಿಟ್ಟು ತುಂಬಿದ ತಟ್ಟೆಯನ್ನೇ ವಾಪಸ್ ಒಯ್ಯುತ್ತಾರಾ? ತಿನ್ನಿಸುವ ಆಯಾ ನಿಂತಿದ್ದಾರಾ, ಕೂತಿದ್ದಾರಾ? ಒಂದು ತುತ್ತು ನುಂಗಿದ ಮೇಲೆ ಇನ್ನೊಂದು ಕೊಡುತ್ತಾರಾ, ಇಲ್ಲ ತುರುಕುತ್ತಾರಾ?

ಲಕ್ವ ಆದವರಲ್ಲಿ ಎಷ್ಟೋ ಜನರಿಗೆ ನುಂಗೋಕೆ ತೊಂದರೆ ಇರುತ್ತದೆ. ಅವರಿಗೆ ಗಟ್ಟಿ ಊಟಕ್ಕಿಂತ ನೀರು, ಕಾಫಿ, ತೆಳ್ಳನೆ ಸಾರೇ ಅಪಾಯ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಜೋಳದ ರೊಟ್ಟಿ ಅಗಿಯೋಕಾಗಲ್ಲ ಅಂತ ಮುದ್ದೆ ಕೊಡುವವರಿದ್ದಾರೆ. ಮುದ್ದೆ ಅಗಿಯದೆ ನುಂಗುವ ಊಟ, ನುಂಗಲಾಗದವರಿಗೆ ಅದನ್ನು ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ಒಂದು ಪ್ರಶ್ನೆ ಕೇಳಿ ನೋಡಿ: "ನೀರು ಕುಡಿದರೆ ಕೆಮ್ಮು ಬರುತ್ತೆ, ಇವರಿಗೆ ಏನು ಕೊಡ್ತೀರಿ?" ನುಂಗುವುದನ್ನು ಪರೀಕ್ಷೆ ಮಾಡಿಸುತ್ತೀವಿ, ಗಂಜಿ ಹದಕ್ಕೆ ಮಂದ ಮಾಡಿ ಕೊಡುತ್ತೀವಿ, ನೆಟ್ಟಗೆ ಕೂರಿಸಿ ತಿನ್ನಿಸುತ್ತೀವಿ ಅಂದರೆ ಆ ಜನಕ್ಕೆ ಕೆಲಸ ಗೊತ್ತು. "ಏನೂ ಆಗಲ್ಲ ಸಾರ್, ಎಲ್ಲಾ ಕೊಡ್ತೀವಿ" ಅಂದರೆ ಗೊತ್ತಿಲ್ಲ.

ಬೇಸಿಗೆಯಲ್ಲಿ ಹೋಗುತ್ತಿದ್ದರೆ ಇನ್ನೊಂದು. ಏಪ್ರಿಲ್, ಮೇನಲ್ಲಿ ನಮ್ಮ ಕಡೆಯ ಬಿಸಿಲು ಹೇಳೋದೇ ಬೇಡ. ಮೇಲಿನ ಮಹಡಿ, ಶೀಟಿನ ಸೂರು ಅಂದರೆ ವಯಸ್ಸಾದವರು ಮಧ್ಯಾಹ್ನದಲ್ಲಿ ಬೆಂದುಹೋಗುತ್ತಾರೆ. ಮಂಚದ ಪಕ್ಕದ ನೀರಿನ ಬಾಟಲಿ ನೋಡಿ. ರೋಗಿಯ ಸ್ವಾಧೀನ ಇರುವ ಕೈಗೆ ಸಿಗುವಂತಿದೆಯಾ? ಮುಚ್ಚಳ ಬಿಗಿದ ಬಾಟಲಿಯನ್ನು ಬಿದ್ದುಹೋದ ಕೈಯ ಕಡೆ ಇಟ್ಟರೆ ಇಟ್ಟೂ ಪ್ರಯೋಜನವಿಲ್ಲ. ಕರೆಯುವ ಬೆಲ್ಲಿನದೂ ಇದೇ ಮಾತು. ಕೇಳಿ, ಒಂದು ಸಲ ಬೆಲ್ ಒತ್ತಿ. ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ನೋಡಿ.

ಹಂತ 4: ಮೈ ನೋಡಿ

ಇದೇ ಮುಖ್ಯ ಹಂತ, ಸಮಯ ಇಲ್ಲೇ ಕೊಡಿ. ಬೇರೆ ರೋಗಿಗಳ ಹೊದಿಕೆ ಎತ್ತಿ ನೋಡೋದು ಸರಿಯಲ್ಲ. ಅಲ್ಲಿ ಬಹಳ ದಿನದಿಂದ ಇರುವ ರೋಗಿಯ ಮನೆಯವರು ಬಂದಿದ್ದರೆ ಅವರನ್ನು ಮಾತಾಡಿಸಿ, ಅವರು ಒಪ್ಪಿದರೆ ನೋಡಿ. ಹೊದಿಕೆ ಎತ್ತದೆಯೂ ಕಾಣುವುದು ಬೇಕಾದಷ್ಟಿದೆ.

ಹಿಮ್ಮಡಿಯಿಂದ ಶುರು ಮಾಡಿ. ಅಂಗಾತ ಮಲಗಿದವರ ಭಾರ ಬೀಳೋದು ಬೆನ್ನಿನ ಕೊನೆಯ ಮೂಳೆ, ಹಿಮ್ಮಡಿ, ತಲೆಯ ಹಿಂಭಾಗ, ಭುಜದ ಮೂಳೆಗಳ ಮೇಲೆ. ಮಗ್ಗುಲಾಗಿ ಮಲಗಿದರೆ ಸೊಂಟದ ಪಕ್ಕದ ಮೂಳೆ, ಕಣಕಾಲಿನ ಗಂಟು. ಕೆಲಸ ಗೊತ್ತಿರುವ ನರ್ಸ್ ಮೀನಖಂಡದ ಕೆಳಗೆ ದಿಂಬು ಇಟ್ಟಿರುತ್ತಾರೆ, ಹಿಮ್ಮಡಿ ಹಾಸಿಗೆಗೆ ತಾಗದೆ ತೇಲುತ್ತಿರುತ್ತದೆ. ಗೊತ್ತಿಲ್ಲದವರು ಹಿಮ್ಮಡಿಯ ಕೆಳಗೇ ದಿಂಬು ಇಡುತ್ತಾರೆ. ಇಷ್ಟು ಸಣ್ಣ ವಿಷಯ ನೋಡಿದರೆ ಸಾಕು, ಆ ವಾರ್ಡಿಗೆ ಯಾರಾದರೂ ತರಬೇತಿ ಕೊಟ್ಟಿದ್ದಾರೋ ಇಲ್ಲವೋ ಗೊತ್ತಾಗುತ್ತದೆ.

ಬೆಡ್ ಸೋರ್ ಒಂದೇ ದಿನಕ್ಕೆ ಗುಂಡಿ ಬೀಳೋದಿಲ್ಲ. ಮೊದಲು ಚರ್ಮ ಕೆಂಪಾಗುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೂ ಆ ಕೆಂಪು ಹೋಗದಿದ್ದರೆ ಅದೇ ಮೊದಲ ಹಂತ. ನಮ್ಮ ಕಪ್ಪು ಚರ್ಮದಲ್ಲಿ ಕೆಂಪು ಕಾಣದೇ ಇರಬಹುದು. ಸುತ್ತಲಿನ ಚರ್ಮಕ್ಕಿಂತ ಕಪ್ಪಗೆ, ಬಿಸಿಯಾಗಿ, ಗಟ್ಟಿಯಾಗಿ ಇದೆಯಾ ಅಂತ ಮುಟ್ಟಿ ನೋಡಬೇಕು. ಆಮೇಲೆ ಚರ್ಮ ಸುಲಿಯುತ್ತದೆ, ಗುಂಡಿ ಬೀಳುತ್ತದೆ, ನಾಲ್ಕನೇ ಹಂತದಲ್ಲಿ ಮೂಳೆಯೇ ಕಾಣುತ್ತದೆ. ಮೊದಲ ಹಂತದಲ್ಲಿ ಹಿಡಿದರೆ ಭಾರ ಬೀಳದಂತೆ ಮಾಡಿದರೆ ಸಾಕಾಗುತ್ತದೆ. ಕೆಂಪಾದ ಕಡೆ ತಿಕ್ಕಿ ಮಸಾಜ್ ಮಾಡೋದು ತಪ್ಪು, ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ.

ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಗಾಳಿ ತುಂಬುವ ಏರ್ ಬೆಡ್ ಇದ್ದರೂ ಬದಲಾಯಿಸಲೇಬೇಕು. "ಏರ್ ಬೆಡ್ ಹಾಕಿದ್ದೀವಲ್ಲ" ಅನ್ನೋ ಉತ್ತರ ಬಂದರೆ ಅದನ್ನು ಅಂಕ ಕಳೆಯುವ ಉತ್ತರ ಅಂತಲೇ ಬರೆದುಕೊಳ್ಳಿ. ಏರ್ ಬೆಡ್ಡಿನ ಮೋಟಾರ್ ಓಡುತ್ತಿದೆಯಾ, ಪ್ಲಗ್ ಕಿತ್ತು ಫೋನ್ ಚಾರ್ಜಿಗೆ ಹಾಕಿದ್ದಾರಾ ಅಂತಲೂ ನೋಡಿ.

ಬಾಯಿ ನೋಡಿ. ಪೈಪಿನಿಂದ ಊಟ ಮಾಡುವವರ ಬಾಯಿಯನ್ನೂ ದಿನಕ್ಕೆ ಎರಡು ಸಲವಾದರೂ ಶುಚಿ ಮಾಡಬೇಕು. ನಾಲಿಗೆ ಒಣಗಿ ಬಿಳಿ ಪೊರೆ ಕಟ್ಟಿದ್ದರೆ, ತುಟಿ ಒಡೆದಿದ್ದರೆ ಯಾರೂ ಆ ಕಡೆ ನೋಡಿಲ್ಲ. ಉಗುರು, ಗಡ್ಡ, ಕಣ್ಣಿನ ಪಿಸಿರು ಇವೂ ಸುಳ್ಳು ಹೇಳೋದಿಲ್ಲ.

ಪೈಪುಗಳು. ಮೂಗಿನ ಪೈಪಿನಲ್ಲಿ ಊಟ ಕೊಡುವಾಗ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತಿರಬೇಕು. ಕೊಟ್ಟ ಮೇಲೂ ಕಡಿಮೆ ಅಂದರೆ ಅರ್ಧ ಗಂಟೆ ಹಾಗೇ ಇರಬೇಕು. ಪೈಪು ಹೊಟ್ಟೆಯಲ್ಲೇ ಇದೆಯಾ ಅಂತ ಪ್ರತಿ ಸಲ ಖಾತ್ರಿ ಮಾಡಿಕೊಳ್ಳಬೇಕು, ಕೊನೆಗೆ ನೀರು ಹಾಕಿ ಪೈಪು ತೊಳೆಯಬೇಕು. ಅಂಗಾತ ಮಲಗಿಸಿ ಗಂಜಿ ಹಾಕುತ್ತಿರೋದು ಕಂಡರೆ ಅಲ್ಲಿಂದ ಎದ್ದು ಬನ್ನಿ. ಮೂತ್ರದ ಚೀಲ ಸೊಂಟಕ್ಕಿಂತ ಕೆಳಗೆ ನೇತಾಡುತ್ತಿರಬೇಕು, ಆದರೆ ನೆಲಕ್ಕೆ ತಾಗಬಾರದು. ಚೀಲವನ್ನು ಹಾಸಿಗೆ ಮೇಲಿಟ್ಟರೆ ಮೂತ್ರ ಹಿಂದಕ್ಕೆ ಹರಿದು ಸೋಂಕು ತರುತ್ತದೆ. ಗಂಟಲಿಗೆ ಪೈಪು ಇರುವವರಿದ್ದರೆ ಕಫ ಎಳೆಯುವ ಸಕ್ಷನ್ ಮಷಿನ್ ಮಂಚದ ಪಕ್ಕದಲ್ಲೇ ಇರಬೇಕು. ಕರೆಂಟ್ ಹೋದರೆ ಅದು ಓಡುತ್ತಾ ಅಂತ ಕೇಳಿ. ಇನ್ನೊಂದು ಗಂಟಲಿನ ಪೈಪು ರೆಡಿ ಇಟ್ಟಿದ್ದಾರಾ ಅಂತಲೂ ಕೇಳಿ.

ಇನ್ನು ಎರಡು ವಿಷಯ. ಕೈಯನ್ನು ಮಂಚಕ್ಕೆ ಬಟ್ಟೆಯಲ್ಲಿ ಕಟ್ಟಿದವರು ಎಷ್ಟು ಜನ? ಪೈಪು ಕಿತ್ತುಕೊಳ್ಳುತ್ತಾರೆ ಅನ್ನೋ ಕಾರಣಕ್ಕೆ ಸ್ವಲ್ಪ ಹೊತ್ತು ಕಟ್ಟಬೇಕಾಗಿ ಬರಬಹುದು. ಅದಕ್ಕೆ ಡಾಕ್ಟರ ಬರಹ, ಮನೆಯವರ ಒಪ್ಪಿಗೆ, ಆಗಾಗ ಬಿಚ್ಚಿ ನೋಡುವ ದಾಖಲೆ ಇರಬೇಕು. ಸಾಲಾಗಿ ಎಲ್ಲರನ್ನೂ ಕಟ್ಟಿದ್ದರೆ ಅದು ಸಿಬ್ಬಂದಿ ಸಾಲದ್ದಕ್ಕೆ ಕಂಡುಕೊಂಡ ದಾರಿ. ಹಾಗೇ ಬೆಳಿಗ್ಗೆ ಹನ್ನೊಂದಕ್ಕೆ ಇಡೀ ವಾರ್ಡ್ ಗಾಢ ನಿದ್ದೆಯಲ್ಲಿದ್ದರೆ ನಿದ್ದೆ ಮಾತ್ರೆ ಯಾರು ಬರೆದುಕೊಟ್ಟರು, ಯಾಕೆ ಅಂತ ಕೇಳಲೇಬೇಕು.

ಹಂತ 5: ಚಾರ್ಟ್ ಓದಿ

ಪ್ರತಿ ರೋಗಿಗೂ ಮಾತ್ರೆ ಕೊಟ್ಟ ಚಾರ್ಟ್, ಬಿಪಿ, ಶುಗರ್, ಜ್ವರದ ಚಾರ್ಟ್, ಕುಡಿದ ನೀರು ಮತ್ತು ಬಂದ ಮೂತ್ರದ ಲೆಕ್ಕ, ಮಗ್ಗುಲು ಬದಲಾಯಿಸಿದ ಚಾರ್ಟ್ ಇರಬೇಕು. ಖಾಲಿ ಚಾರ್ಟಿಗಿಂತ ತುಂಬಾ ಚೆನ್ನಾಗಿ ತುಂಬಿದ ಚಾರ್ಟ್ ಬಗ್ಗೆ ಹುಷಾರಾಗಿರಿ.

ಒಂದು ಕಡೆ ಪರಿಚಯದವರೊಬ್ಬರನ್ನು ನೋಡೋಕೆ ಹೋಗಿದ್ದೆ. ಮಂಚದ ಕಾಲ್ದೆಸೆಗೆ ಕ್ಲಿಪ್ ಬೋರ್ಡ್ ನೇತುಹಾಕಿದ್ದರು, ತೆಗೆದು ನೋಡಿದೆ. ಬೆಳಿಗ್ಗೆ 6 ಎಡ, 8 ಬಲ, 10 ಅಂಗಾತ, 12 ಎಡ, 2 ಬಲ, 4 ಅಂಗಾತ. ಎಲ್ಲದರ ಮುಂದೆಯೂ ಅದೇ ನೀಲಿ ಇಂಕು, ಅದೇ ಓರೆ ಸಹಿ. ಗೋಡೆ ಗಡಿಯಾರದಲ್ಲಿ ಆಗಿನ್ನೂ ಹನ್ನೊಂದೂವರೆ. ರೋಗಿ ಅಂಗಾತ ಮಲಗಿದ್ದರು, ಅಂಗಿ ಬೆನ್ನಿನ ಬೆವರಿಗೆ ಹಾಸಿಗೆಯ ಬಟ್ಟೆಯ ಜೊತೆ ಅಂಟಿಕೊಂಡಿತ್ತು. ಸಿಸ್ಟರನ್ನು ಕೇಳಿದರೆ, "ಶಿಫ್ಟ್ ಮುಗಿಯೋ ಹೊತ್ತಿಗೆ ಬರೆಯೋಕೆ ಟೈಮ್ ಸಿಗಲ್ಲ ಅಂತ ಮೊದಲೇ ಬರ್ದಿಡ್ತೀವಿ" ಅಂದರು. ಪಾಪ, ಆಕೆ ಮುಚ್ಚಿಡಲಿಲ್ಲ. ಇಬ್ಬರ ಕೆಲಸ ಒಬ್ಬರೇ ಮಾಡುತ್ತಿದ್ದರು. ಆದರೆ ಆ ಚಾರ್ಟಿನಲ್ಲಿದ್ದ ಇನ್ಸುಲಿನ್ ಲೆಕ್ಕವನ್ನು ಹೇಗೆ ನಂಬೋದು?

ಹಾಗಾಗಿ ಚಾರ್ಟಿನಲ್ಲಿ ಮುಂದಿನ ಗಂಟೆಗಳು ತುಂಬಿವೆಯಾ ನೋಡಿ. ಬೇರೆ ಬೇರೆ ಶಿಫ್ಟಿನಲ್ಲಿ ಬೇರೆ ಬೇರೆ ಕೈಬರಹ ಇದೆಯಾ? ಬಿಪಿ ದಿನಾ 120/80 ಅಂತಲೇ ಇದ್ದರೆ ಯಾರೂ ಅಳೆದಿಲ್ಲ. "ರೋಗಿ ಮಾತ್ರೆ ನಿರಾಕರಿಸಿದರು" "ಸಂಜೆ ಊಟ ಅರ್ಧ ಮಾಡಿದರು" ಅನ್ನೋ ಥರದ ಸಾಲುಗಳಿದ್ದರೆ ಖುಷಿಪಡಿ. ನಿಜವಾಗಿ ನೋಡಿದವರು ಮಾತ್ರ ಹಾಗೆ ಬರೆಯುತ್ತಾರೆ.

ಹಂತ 6: ರಾತ್ರಿಯ ಲೆಕ್ಕ

"ನಿಮ್ಮಲ್ಲಿ ಸ್ಟಾಫ್ ಎಷ್ಟಿದ್ದಾರೆ" ಅಂತ ಕೇಳಬೇಡಿ. ಅಡುಗೆಯವರು, ಡ್ರೈವರ್ ಎಲ್ಲ ಸೇರಿಸಿ ದೊಡ್ಡ ಸಂಖ್ಯೆ ಹೇಳುತ್ತಾರೆ. ಹೀಗೆ ಕೇಳಿ: "ನಿನ್ನೆ ರಾತ್ರಿ ಎರಡು ಗಂಟೆಗೆ ಈ ಮಹಡಿಯಲ್ಲಿ ಯಾರ್ಯಾರು ಇದ್ದರು? ಅವರಲ್ಲಿ ನೋಂದಣಿ ಇರುವ ನರ್ಸ್ ಯಾರು?" ಡ್ಯೂಟಿ ಪಟ್ಟಿ ತೋರಿಸಲಿ.

ಆಮೇಲೆ ನೀವೇ ಲೆಕ್ಕ ಹಾಕಿ. ಮಹಡಿಯಲ್ಲಿ ಮಗ್ಗುಲು ಬದಲಾಯಿಸಬೇಕಾದವರು 12 ಜನ ಅಂದುಕೊಳ್ಳಿ. ಒಬ್ಬರನ್ನು ಸರಿಯಾಗಿ ತಿರುಗಿಸಿ, ಡಯಾಪರ್ ನೋಡಿ, ದಿಂಬು ಇಡೋಕೆ ಇಬ್ಬರಿಗೆ ಹತ್ತು ನಿಮಿಷ. 12 ಜನಕ್ಕೆ 120 ನಿಮಿಷ, ಅಂದರೆ ಸರಿಯಾಗಿ ಎರಡು ಗಂಟೆ. ಅಷ್ಟರಲ್ಲಿ ಮೊದಲನೆಯವರ ಸರದಿ ಮತ್ತೆ ಬಂದಿರುತ್ತದೆ. ಇಬ್ಬರೇ ಇದ್ದರೆ ರಾತ್ರಿಯಿಡೀ ಬೇರೇನೂ ಮಾಡದೆ ಇದೊಂದೇ ಮಾಡಬೇಕು. ಒಬ್ಬರೇ ಇದ್ದರೆ ಆಗದ ಮಾತು. ಒಳಗೆ ಏನು ನಡೆಯುತ್ತದೆ ಅಂತ ಆ ಲೆಕ್ಕವೇ ಹೇಳುತ್ತದೆ, ಯಾರನ್ನೂ ಬೈಯುವ ಅಗತ್ಯವಿಲ್ಲ.

ಆಯಾಗಳನ್ನು ಮಾತಾಡಿಸಿ. ಎಷ್ಟು ದಿನದಿಂದ ಇಲ್ಲಿದ್ದೀರಿ ಅಂತ ಕೇಳಿ. ಎಲ್ಲರೂ ಹೋದ ತಿಂಗಳು ಸೇರಿದವರೇ ಆಗಿದ್ದರೆ ಹಳಬರು ಯಾಕೆ ಬಿಟ್ಟುಹೋದರು ಅಂತ ಯೋಚಿಸಬೇಕು. ಹೆಣ್ಣುಮಕ್ಕಳ ಸ್ನಾನ, ಡಯಾಪರ್ ಬದಲಾಯಿಸೋದು ಹೆಂಗಸರೇ ಮಾಡುತ್ತಾರಾ, ಆಗ ಪರದೆ ಎಳೆಯುತ್ತಾರಾ ಅಂತಲೂ ನೋಡಿ. ರೋಗಿಯನ್ನು "ಅಜ್ಜಾರೇ", "ಅಮ್ಮಾರೇ" ಅಂತ ಕರೆದು ಮಾತಾಡುತ್ತಾರೋ, "ಮೂರನೇ ಬೆಡ್ಡು" ಅನ್ನುತ್ತಾರೋ ಕೇಳಿಸಿಕೊಳ್ಳಿ.

ಹಂತ 7: ಫಿಸಿಯೋ ಅಂದರೆ ಕೈಕಾಲು ಆಡಿಸೋದಷ್ಟೇ ಅಲ್ಲ

ಲಕ್ವ ಆದ ಮೇಲೆ ಸುಧಾರಣೆ ಹೆಚ್ಚು ಕಾಣೋದು ಮೊದಲ ಕೆಲವು ತಿಂಗಳಲ್ಲಿ. ಆ ಸಮಯ ಕಳೆದುಹೋದರೆ ಮತ್ತೆ ಸಿಗೋದಿಲ್ಲ. ಚಿಕಿತ್ಸೆ ಹೇಗಿರಬೇಕು ಅಂತ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ 2023ರ ಮಾರ್ಗಸೂಚಿ ಫಿಸಿಯೋ, ಕೈ ಬಳಕೆ, ಮಾತಿನ ತರಬೇತಿ ಎಲ್ಲ ಸೇರಿ ದಿನಕ್ಕೆ 3 ಗಂಟೆಯಾದರೂ, ವಾರಕ್ಕೆ 5 ದಿನವಾದರೂ ಬೇಕು ಅನ್ನುತ್ತದೆ, ರೋಗಿಗೆ ಅಷ್ಟು ಶಕ್ತಿ ಇದ್ದರೆ. ನಮ್ಮಲ್ಲಿ ಅಷ್ಟು ಸಿಗೋದು ಅಪರೂಪ. ಆದರೆ ದಿನಕ್ಕೆ 20 ನಿಮಿಷ ಮಂಚದಲ್ಲೇ ಕಾಲು ಮೇಲೆ ಕೆಳಗೆ ಮಾಡಿ "ಫಿಸಿಯೋ ಆಯ್ತು" ಅನ್ನೋ ಕಡೆಗೆ ರಿಹ್ಯಾಬ್ ದರ ಕೊಡಬೇಡಿ.

ಕೇಳಬೇಕಾದ್ದು ಇಷ್ಟು. ಈ ಹದಿನೈದು ದಿನದ ಗುರಿ ಏನು? "ಆಧಾರವಿಲ್ಲದೆ ಮಂಚದ ಅಂಚಿನಲ್ಲಿ ಐದು ನಿಮಿಷ ಕೂರಬೇಕು" ಅನ್ನೋದು ಗುರಿ. "ಇಂಪ್ರೂವ್ ಆಗ್ತಾರೆ" ಅನ್ನೋದು ಗುರಿಯಲ್ಲ. ಬಾರ್ಥೆಲ್ ಅಂಕ ಬರೆಯುತ್ತೀರಾ? ಊಟ, ಸ್ನಾನ, ಬಟ್ಟೆ, ಶೌಚ, ನಡಿಗೆ, ಮೆಟ್ಟಿಲು ಹೀಗೆ ಹತ್ತು ವಿಷಯಕ್ಕೆ ಒಟ್ಟು 100 ಅಂಕದ ಸರಳ ಲೆಕ್ಕ ಅದು. ಸೇರಿಸಿದ ದಿನ ಎಷ್ಟಿತ್ತು, ತಿಂಗಳಿಗೆ ಎಷ್ಟಾಯಿತು ಅಂತ ಕಾಗದದಲ್ಲಿ ಕೊಟ್ಟರೆ ಸುಧಾರಣೆ ಮಾತಿನಲ್ಲಿದೆಯೋ ಮೈಯಲ್ಲಿದೆಯೋ ಗೊತ್ತಾಗುತ್ತದೆ.

ಇನ್ನೊಂದನ್ನು ಕಣ್ಣಾರೆ ನೋಡಿ. ರೋಗಿಯನ್ನು ಎಬ್ಬಿಸುವಾಗ ಬಿದ್ದುಹೋದ ಕೈ ಹಿಡಿದು ಎಳೆಯುತ್ತಾರಾ? ಆ ಭುಜದ ಸ್ನಾಯುಗಳಲ್ಲಿ ಬಲ ಇರೋದಿಲ್ಲ, ಎಳೆದರೆ ಕೀಲು ಜಾರುತ್ತದೆ. ಆಮೇಲಿನ ಭುಜದ ನೋವು ಲಕ್ವಕ್ಕಿಂತ ಜಾಸ್ತಿ ಕಾಡುತ್ತದೆ. ಫಿಸಿಯೋ ಮಾಡುವವರಿಗೆ ಇದು ಗೊತ್ತಿರುತ್ತದೆ, ಆಯಾಗಳಿಗೆ ಹೇಳಿಕೊಟ್ಟಿದ್ದಾರಾ ಅನ್ನೋದೇ ಪ್ರಶ್ನೆ.

ಗಾಲಿಕುರ್ಚಿ, ಊರುಗೋಲು, ಮಾತಿನ ತರಬೇತಿ ಇವಕ್ಕೆಲ್ಲ ಖಾಸಗಿಯೇ ಗತಿ ಅಂದುಕೊಳ್ಳಬೇಡಿ. ದಾವಣಗೆರೆಯಲ್ಲಿ ಅಂಗವಿಕಲರಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ, ಅಂದರೆ ಸಿಆರ್‌ಸಿ ಇದೆ. ಒಂದು ಸಲ ಹೋಗಿ ವಿಚಾರಿಸಿ.

ಹಂತ 8: ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದರೆ?

ಈ ಪ್ರಶ್ನೆಯನ್ನು ಇದೇ ಮಾತಿನಲ್ಲಿ ಕೇಳಿ. ಡಾಕ್ಟರು ಅಲ್ಲೇ ಇರುತ್ತಾರಾ, ಫೋನಿನಲ್ಲಾ? ಆಕ್ಸಿಜನ್ ಸಿಲಿಂಡರ್ ತುಂಬಿದೆಯಾ? ಯಾವ ಆಸ್ಪತ್ರೆಗೆ ಒಯ್ಯುತ್ತಾರೆ? ಸ್ವಂತ ಆಂಬುಲೆನ್ಸಾ, 108ಕ್ಕೆ ಕಾಯಬೇಕಾ? ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುತ್ತಾ? ಲಕ್ವ ಇನ್ನೊಮ್ಮೆ ಹೊಡೆದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗಿನ ಸಮಯವಷ್ಟೇ ಇರೋದು. ಚಿತ್ರದುರ್ಗದ ಹೊರವಲಯದಿಂದ ದಾವಣಗೆರೆಗೇ ಒಯ್ಯುತ್ತೀವಿ ಅಂದರೆ ಸುಮಾರು 60 ಕಿಲೋಮೀಟರ್ ಅನ್ನೋದು ನೆನಪಿರಲಿ.

ಹಂತ 9: ದುಡ್ಡು

ತಿಂಗಳಿಗೆ ಇಷ್ಟು ಅನ್ನೋ ಒಂದೇ ಸಂಖ್ಯೆ ನಂಬಬೇಡಿ. ಅದರೊಳಗೆ ಏನೇನು ಬರುತ್ತದೆ ಅಂತ ಬರೆಸಿಕೊಳ್ಳಿ. ಡಯಾಪರ್, ಗ್ಲೌಸ್, ಔಷಧಿ, ಡ್ರೆಸ್ಸಿಂಗ್, ಫಿಸಿಯೋ, ಆಕ್ಸಿಜನ್, ಡಾಕ್ಟರ ವಿಸಿಟ್, ಏರ್ ಬೆಡ್ ಬಾಡಿಗೆ ಬೇರೆ ಬೇರೆಯಾಗಿ ಬಿದ್ದರೆ ಬಿಲ್ ಏರುತ್ತಾ ಹೋಗುತ್ತದೆ. ಡಯಾಪರ್ ನೀವೇ ತಂದುಕೊಡಬಹುದಾ ಕೇಳಿ. ಮಧ್ಯದಲ್ಲೇ ಕರೆದುಕೊಂಡು ಹೋದರೆ ಅಡ್ವಾನ್ಸ್ ಎಷ್ಟು ವಾಪಸ್ ಅನ್ನೋದೂ ಬರಹದಲ್ಲೇ ಇರಲಿ.

ಇನ್ಶೂರೆನ್ಸ್ ಇದೆ ಅಂತ ಧೈರ್ಯವಾಗಿ ಇರಬೇಡಿ. ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ವಿಶ್ರಾಂತಿ, ಪುನರ್ವಸತಿ, ಆರೈಕೆಗಾಗಿ ಮಾತ್ರ ದಾಖಲಾಗುವುದನ್ನು ಹೊರಗಿಡುವ ಒಂದು ಸಾಲು ಇರುತ್ತದೆ, ಎಕ್ಸ್‌ಕ್ಲೂಷನ್ 05 ಅಂತ. ಪಾಲಿಸಿ ತೆಗೆದು ಆ ಸಾಲು ಓದಿ, ಕಂಪನಿಗೆ ಇಮೇಲ್ ಮಾಡಿ ಉತ್ತರ ತರಿಸಿಕೊಂಡು ಆಮೇಲೆ ಸೇರಿಸಿ.

ಹಂತ 10: ಸೇರಿಸಿದ ಮೇಲೆ ಮೊದಲ ಹದಿನೈದು ದಿನ

ಸೇರಿಸುವ ದಿನವೇ ನರ್ಸ್ ಎದುರಿಗೆ ತಲೆಯಿಂದ ಹಿಮ್ಮಡಿವರೆಗೆ ಮೈ ನೋಡಿ, ಗಾಯ ಇದ್ದರೆ ಅಳತೆ ಸಮೇತ ಬರೆಸಿ, ಫೋಟೋ ತೆಗೆದಿಟ್ಟುಕೊಳ್ಳಿ. ತೂಕ ಬರೆಸಿ. ಮುಂದೆ ಬೆಡ್ ಸೋರ್ ಆದರೆ "ಬರುವಾಗಲೇ ಇತ್ತು" ಅನ್ನೋ ಮಾತಿಗೆ ಅವಕಾಶ ಇರಬಾರದು. ಇದರಿಂದ ಕೇಂದ್ರದವರಿಗೂ ಒಳ್ಳೆಯದೇ, ಸುಮ್ನೆ ಅಪವಾದ ಬರೋದಿಲ್ಲ.

ಮನೆಯವರು ಸರದಿ ಹಾಕಿಕೊಳ್ಳಿ, ಆದರೆ ಬೇರೆ ಬೇರೆ ಹೊತ್ತಿಗೆ ಹೋಗಿ. ದಿನಾ ಸಂಜೆ ಐದಕ್ಕೇ ಹೋದರೆ ನಾಲ್ಕೂಮುಕ್ಕಾಲಿಗೆ ಮುಖ ತೊಳೆಸಿ ಪೌಡರ್ ಹಚ್ಚಿ ಕೂರಿಸಿರುತ್ತಾರೆ. ಹೋದಾಗ ಹಿಮ್ಮಡಿ, ಬೆನ್ನು, ಬಾಯಿ ನೋಡಿ. ಮೂತ್ರದ ಬಣ್ಣ ನೋಡಿ, ಕಡು ಹಳದಿ ಇದ್ದರೆ ನೀರು ಸಾಲುತ್ತಿಲ್ಲ. ತಿಂಗಳಿಗೊಮ್ಮೆ ತೂಕ ಹಾಕಿಸಿ. ಚೆನ್ನಾಗಿ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಮಂಕಾದರೆ, ತಲೆ ಕೆಟ್ಟವರಂತೆ ಮಾತಾಡಿದರೆ "ವಯಸ್ಸಾಯ್ತಲ್ಲ" ಅನ್ನಬೇಡಿ. ಮೂತ್ರದ ಸೋಂಕು, ಶುಗರ್ ಇಳಿದಿರೋದು, ನೀರು ಕಡಿಮೆ ಆಗಿರೋದು, ಹೊಸ ಮಾತ್ರೆ ಯಾವುದೂ ಕಾರಣ ಇರಬಹುದು. ಅವತ್ತೇ ಡಾಕ್ಟರು ನೋಡಬೇಕು.

ಸಿಬ್ಬಂದಿ ಜೊತೆ ಜಗಳ ಆಡೋದರಲ್ಲಿ ಏನೂ ಸಿಗೋದಿಲ್ಲ. ನೀವು ಹೊರಟು ಬಂದ ಮೇಲೆ ಅದೇ ಆಯಾ ನಿಮ್ಮವರ ಹತ್ತಿರ ಇರೋದು. ಕೊರತೆ ಕಂಡರೆ ಮ್ಯಾನೇಜರಿಗೆ ಬರಹದಲ್ಲಿ, ವಾಟ್ಸಾಪಿನಲ್ಲಾದರೂ ಸರಿ, ತಾರೀಖು ಸಮೇತ ಹೇಳಿ. ಚೆನ್ನಾಗಿ ನೋಡಿಕೊಂಡವರ ಹೆಸರನ್ನೂ ಅದೇ ಮೆಸೇಜಿನಲ್ಲಿ ಹೇಳಿ.

ಹಂತ 11: ಸರಿಹೋಗದಿದ್ದರೆ

ಖಾಸಗಿ ಆಸ್ಪತ್ರೆಗಳ ಬಗ್ಗೆ ದೂರು ಕೇಳೋಕೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರ ಇದೆ. ಡಿಎಚ್‌ಒ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಿರಿಯರನ್ನು ಹಿಂಸಿಸುತ್ತಿದ್ದಾರೆ ಅನಿಸಿದರೆ ಎಲ್ಡರ್‌ಲೈನ್ 14567ಕ್ಕೆ ಫೋನ್ ಮಾಡಿ. ದುಡ್ಡು ಪಡೆದು ಹೇಳಿದ ಸೇವೆ ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ನೀವು ಕಟ್ಟಿದ ಹಣ 5 ಲಕ್ಷ ದಾಟಿಲ್ಲ ಅಂದರೆ ಶುಲ್ಕವಿಲ್ಲ, ಆದರೆ ಎರಡು ವರ್ಷದೊಳಗೆ ಹೋಗಬೇಕು.

ದೂರು ನಡೆಯುವಷ್ಟು ದಿನ ರೋಗಿಯನ್ನು ಅಲ್ಲೇ ಬಿಡಬೇಡಿ, ಮೊದಲು ಜಾಗ ಬದಲಾಯಿಸಿ. ಹೊರಡುವಾಗ ದಾಖಲೆಗಳ ಪ್ರತಿ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲಿದೆ. ಅಷ್ಟು ಕಾಯದೆ ಅದೇ ದಿನ ಕೈಯಲ್ಲಿ ಹಿಡಿದುಕೊಂಡು ಹೋಗಬೇಕಾದ ಒಂದು ಹಾಳೆ ಇದೆ, ಅದನ್ನು ಡ್ಯೂಟಿ ಸಿಸ್ಟರಿಂದಲೇ ಬರೆಸಿಕೊಳ್ಳಿ: ಈಗ ಕೊಡುತ್ತಿರುವ ಮಾತ್ರೆಗಳು, ಪ್ರತಿಯೊಂದನ್ನೂ ಕೊನೆಯ ಸಲ ಕೊಟ್ಟ ಗಂಟೆ, ಕೊನೆಯ ಇನ್ಸುಲಿನ್ ಎಷ್ಟು ಯೂನಿಟ್, ಮೂಗಿನ ಪೈಪು ಮತ್ತು ಮೂತ್ರದ ಪೈಪು ಬದಲಾಯಿಸಿದ ತಾರೀಖು, ಗಾಯ ಎಲ್ಲೆಲ್ಲಿದೆ, ಊಟದ ಹದ ಯಾವುದು. ಹೊಸ ಜಾಗದವರು ಮೊದಲ ರಾತ್ರಿ ಕೇಳೋದು ಇಷ್ಟನ್ನೇ.